ನೋಡಿದವರ ಸಂಖ್ಯೆ

ಬುಧವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ವನಮಾಲಳ ಬಲಗೈ ಮಲಗಿತು. ಆಗ ಅವಳು ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದಳು. ಪಾತ್ರೆ ಜಾರಿ ಬಿತ್ತು, ಹಾಲು ಎಡಪಾದದ ಮೇಲೆ ಚೆಲ್ಲಿ ಮೂರು ಬೊಬ್ಬೆ ಎದ್ದವು. ಸಮಯವನ್ನು ನಾನು ಊಹಿಸಿ ಬರೆಯುತ್ತಿಲ್ಲ. ಅವಳ ಗಂಡ ಶಿವನಂಜ ಗೋಡೆ ಗಡಿಯಾರ ನೋಡಿದ್ದ, ಎದುರು ಮನೆಯವರು ಪಾತ್ರೆ ಬಿದ್ದ ಸದ್ದು ಕೇಳಿದ್ದರು, ಪಂಚಾಂಗದಲ್ಲಿ ಅಂದಿನ ಸೂರ್ಯೋದಯವೂ ಆರು ಹತ್ತಕ್ಕೇ ಇತ್ತು.

ನಮ್ಮೂರಿನಲ್ಲಿ ತನ್ನ ಕೆಲಸವನ್ನು ತಾನೇ ಹೊಗಳಿಕೊಂಡವರ ಕೈ ಮರುದಿನ ಸೂರ್ಯ ಹುಟ್ಟುವಾಗ ಮಲಗುತ್ತದೆ. ಒಬ್ಬರ ಮುಂದೆ ಹೇಳಿಕೊಂಡರೆ ಒಂದು ದಿನ, ಹತ್ತು ಜನರ ಮುಂದೆ ಹೇಳಿಕೊಂಡರೆ ಹತ್ತು ದಿನ. ಒಬ್ಬರೇ ಎರಡು ಸಲ ಕೇಳಿದರೆ ಎರಡು ದಿನ. ಮದ್ದಳೆ ಬಾರಿಸುವ ತಮ್ಮಯ್ಯ ತನ್ನ ಕೈಚಳಕವನ್ನು ಅತ್ತೆಯೊಬ್ಬಳ ಮುಂದೆಯೇ ಒಂಬತ್ತು ಸಲ ಹೇಳಿಕೊಂಡು, ಒಂಬತ್ತು ದಿನ ಅವಳ ಕೈತುತ್ತು ತಿಂದದ್ದನ್ನು ಹಿಂದೆ ನಾನೇ ಪತ್ರಿಕೆಯಲ್ಲಿ ವರದಿ ಮಾಡಿದ್ದೆ.

ಹೀಗಾಗಿ ನಮ್ಮಲ್ಲಿ ಕಸುಬು ಮಾಡುವ ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರುತ್ತಾರೆ. ದರ್ಜಿಯ ಕೆಲಸದ ಬಗ್ಗೆ ಕ್ಷೌರಿಕ ಹೇಳುತ್ತಾನೆ, ಕ್ಷೌರಿಕನ ಬಗ್ಗೆ ದರ್ಜಿ. ಬಸ್ ನಿಲ್ದಾಣದ ಹೋಟೆಲಿನ ಬೋರ್ಡಿನ ಮೇಲೆ 'ಇಲ್ಲಿಯ ಇಡ್ಲಿ ಮೆತ್ತಗಿರುತ್ತದೆ' ಎಂದು ಬರೆದು, ಕೆಳಗೆ ಎದುರಿನ ಕಬ್ಬಿಣದ ಅಂಗಡಿಯವನ ಹೆಸರಿದೆ. ಕಬ್ಬಿಣದ ಅಂಗಡಿಯ ಬೋರ್ಡಿನಲ್ಲಿ ಹೋಟೆಲಿನವನ ಹೆಸರಿದೆ. ಜೋಡಿಗಳು ಜಗಳವಾಡಿದರೆ ಎರಡು ಅಂಗಡಿಗಳೂ ಮುಚ್ಚುತ್ತವೆ. ಒಬ್ಬರು ಒಬ್ಬರ ಪರವಾಗಿಯೇ ಹೇಳಬೇಕು, ಇಬ್ಬರ ಪರವಾಗಿ ಹೇಳುವಂತಿಲ್ಲ. ಇಬ್ಬರನ್ನು ಹೊಗಳುವವನ ಮಾತನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ನಾನು ಮೂವತ್ತೊಂದು ವರ್ಷ ಊರಿನ ಏಕೈಕ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಪತ್ರಿಕೆ ನಿಂತ ಮೇಲೆ ಹಯಾತ್ ಸಾಬರ ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಹಯಾತ್ ಸಾಬರೇ ನನ್ನ ಜೋಡಿ. "ಪೇಪರ್ ಸಾರ್ ಬರೆದ್ರಲ್ಲಿ ಹೆಸರು ತಪ್ಪಿರಲ್ಲ" ಎಂದು ಅವರು ಹೇಳುತ್ತಾರೆ. ಅವರು ಹಾಕಿದ ಪಂಕ್ಚರ್ ಪಟ್ಟಿ ಬಿಡುವುದಿಲ್ಲ ಎಂದು ನಾನು ಹೇಳುತ್ತೇನೆ. ಎರಡೂ ನಿಜ.

ನನ್ನ ಕೆಲಸ ಇದು: ಹೊರಗಿನ ಊರುಗಳಿಂದ ಕೆಲಸ ಹುಡುಕಿಕೊಳ್ಳುವ ಒಂದು ಇಂಟರ್ನೆಟ್ ಸೈಟಿನಲ್ಲಿ ನಮ್ಮೂರಿನವರ ಪರಿಚಯ ಬರೆದುಕೊಡುವುದು. ಫೋಟೊ ತೆಗೆಯುವವರು, ಮದುವೆ ಪತ್ರಿಕೆಯ ವಿನ್ಯಾಸ ಮಾಡುವವರು, ಜಾಹೀರಾತಿಗೆ ಪದ್ಯ ಕಟ್ಟುವವರು, ಒಟ್ಟು ಮೂವತ್ತೆಂಟು ಜನ ನನ್ನ ಬಳಿ ಬರೆಸಿದ್ದರು. ಸೈಟು ಊರಿನೊಳಗಿನದಲ್ಲ, ಆದ್ದರಿಂದ ಅಲ್ಲಿ ಒಬ್ಬನೇ ಎಷ್ಟು ಜನರ ಪರವಾಗಿ ಹೇಳಿದರೂ ತಪ್ಪಿಲ್ಲ ಎಂದು ಊರಿನವರು ಒಪ್ಪಿಕೊಂಡಿದ್ದರು. 'ಇವರು ಇಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ' ಎಂದು ಬರೆದು ಕೆಳಗೆ ನನ್ನ ಹೆಸರು ಹಾಕುತ್ತಿದ್ದೆ. ಯಾರ ಕೈಯೂ ಮಲಗಿರಲಿಲ್ಲ.

ವನಮಾಲ ನಮ್ಮ ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಗಂಗಯ್ಯನವರ ಮಗಳು. ಹದಿನೇಳು ವರ್ಷಗಳಿಂದ ಹಕ್ಕಿಗಳ ಚಿತ್ರ ಬರೆಯುತ್ತಿದ್ದಳು. ಬೇರೇನನ್ನೂ ಬರೆಯುತ್ತಿರಲಿಲ್ಲ. ಪಟಗಳಿಗೆ ಕಟ್ಟು ಹಾಕುವ ತೋಂಟಪ್ಪನವರು ಅವಳ ಜೋಡಿ. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಊರಿನಲ್ಲಿ ಅವಳ ಒಂದು ಚಿತ್ರವೂ ಹೋಗಿರಲಿಲ್ಲ. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ. ಹೇಳುವವರಿಲ್ಲದ ಕೆಲಸವನ್ನು ನಮ್ಮೂರು ಕೊಳ್ಳುವುದಿಲ್ಲ, ಅಷ್ಟೆ. ಎಲ್ಲರಿಗೂ ಆಗಲೇ ಜೋಡಿ ಇದ್ದುದರಿಂದ ಹೊಸದೊಂದು ಸಿಗಲೂ ಇಲ್ಲ. ಹಾಗಾಗಿ ಅವಳು ನನ್ನ ಕೋಣೆಗೆ ಬಂದಳು. ನಾನು ಬರೆದ ಪರಿಚಯದಿಂದ ಅವಳಿಗೆ ಎರಡು ಕೆಲಸ ಸಿಕ್ಕವು. ಒಂದು, ಹಪ್ಪಳದ ಪೊಟ್ಟಣಕ್ಕೆ ಗಿಳಿ. ಇನ್ನೊಂದು, ಶಾಲೆಯ ನೋಟ್‌ಬುಕ್ಕಿನ ರಟ್ಟಿಗೆ ಗುಬ್ಬಚ್ಚಿ. ಗಿಳಿಯ ಬಾಲವನ್ನು ಹಪ್ಪಳದವರು ಅರ್ಧಕ್ಕೆ ಕತ್ತರಿಸಿ ಅಚ್ಚು ಹಾಕಿದ್ದರು. ಅವಳು ಆ ಪೊಟ್ಟಣವನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಬಾಲ ಇಲ್ದೆ ಇದು ಹೆಂಗೆ ತಿರುಗತ್ತೆ ಸಾರ್?" ಎಂದು ಕೇಳಿದ್ದಳು.

ಆ ಬುಧವಾರದ ಹಿಂದಿನ ಶುಕ್ರವಾರ ಸೈಟಿನಿಂದ ಎಲ್ಲರಿಗೂ ಒಂದು ಪತ್ರ ಬಂತು. ಇನ್ನು ಮೇಲೆ ಪರಿಚಯವನ್ನು ಕೆಲಸಗಾರರೇ 'ನಾನು' ಎಂದು ಬರೆಯಬೇಕು, ಬೇರೆಯವರ ಹೆಸರಿನಲ್ಲಿರುವ ಪರಿಚಯಗಳನ್ನು ಮೂರು ದಿನದಲ್ಲಿ ತೆಗೆದುಹಾಕಲಾಗುವುದು ಎಂದಿತ್ತು. ಶನಿವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಸಾಲು ನಿಂತಿತು. ಪದ್ಯ ಕಟ್ಟುವ ಕರಿಬಸಪ್ಪ ತಾನೇ ಬರೆದುಕೊಂಡು ಬಂದಿದ್ದ. 'ನಾನು ಪದ್ಯ ಬರೆಯುತ್ತೇನೆ. ಕೆಲವರು ಓದಿದ್ದಾರೆ. ಯಾರೂ ವಾಪಸ್ ಕೊಟ್ಟಿಲ್ಲ.'

"ಕೊನೇ ಸಾಲು ತೆಗಿ," ಎಂದೆ.

"ಅದರಲ್ಲೇನು ಹೊಗಳಿಕೆ ಇದೆ ಸಾರ್? ಪದ್ಯ ಯಾರಾದ್ರೂ ವಾಪಸ್ ಕೊಡ್ತಾರಾ?"

"ಅನುಮಾನ ಇದ್ರೆ ತೆಗೀಬೇಕು. ಪತ್ರಿಕೆಯಲ್ಲಿ ನಾವು ಹಂಗೇ ಮಾಡ್ತಿದ್ದಿದ್ದು."

ಅನುಮಾನವಿದ್ದಾಗ ಊರಿನಲ್ಲಿ ಒಂದು ಪರೀಕ್ಷೆಯೂ ಇದೆ. ಆ ಮಾತನ್ನು ಒಬ್ಬರ ಮುಂದೆ ಮಾತ್ರ ಹೇಳಿ ಮರುದಿನದ ಸೂರ್ಯೋದಯಕ್ಕೆ ಕಾಯುವುದು. ಕೈ ಎದ್ದಿದ್ದರೆ ಅದು ಹೊಗಳಿಕೆಯಲ್ಲ. ಮಲಗಿದರೂ ಒಂದೇ ದಿನದ ನಷ್ಟ. ವನಮಾಲಳ ಪರಿಚಯವನ್ನು ಹಾಗೆಯೇ ಪರೀಕ್ಷಿಸಿದೆವು. ಅದರಲ್ಲಿ ವರ್ಷಗಳ ಎಣಿಕೆ ಇತ್ತು, ಅವಳು ಬರೆದ ಇನ್ನೂರ ಹನ್ನೆರಡು ಹಕ್ಕಿಗಳ ಹೆಸರಿತ್ತು, ಬಳಸುವ ಶಾಯಿಯ ವಿವರವಿತ್ತು. ಶನಿವಾರ ಸಂಜೆ ನನ್ನೊಬ್ಬನ ಮುಂದೆ ಓದಿದಳು. ಭಾನುವಾರ ಕೈ ಎದ್ದೇ ಇತ್ತು. ಹಾಕಿದೆವು.

ಮಂಗಳವಾರ ಹತ್ತು ಗಂಟೆಗೆ ಸೈಟಿನಲ್ಲಿ ಒಂದು ಕೆಲಸ ಕಾಣಿಸಿತು. ದೂರದ ನಗರವೊಂದರ ಪ್ರಕಾಶನದವರು ಮಕ್ಕಳಿಗಾಗಿ ಹಕ್ಕಿಗಳ ಪುಸ್ತಕ ತರುತ್ತಿದ್ದರು. ನಲವತ್ತು ಚಿತ್ರ ಬೇಕು, ಶಾಯಿಯಲ್ಲಿ ಬರೆದದ್ದಾಗಬೇಕು, ಕೆಲಸ ತೊಂಬತ್ತು ದಿನಗಳ ನಂತರ ಶುರು. ಅರ್ಜಿಗೆ ಅಂದೇ ಸಂಜೆ ಐದು ಗಂಟೆ ಕೊನೆ. ನಾನು ಫೋನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ವನಮಾಲ ಬಂದಳು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಪಟ್ಟಿಯಲ್ಲಿದ್ದ ನಲವತ್ತು ಹಕ್ಕಿಗಳ ಹೆಸರನ್ನು ಬೆರಳಿಟ್ಟು ಓದಿ, "ಮೂವತ್ತೇಳು ನಾನು ಬರೆದಿರೋದೇ ಸಾರ್. ಉಳಿದ ಮೂರನ್ನ ಕೆರೆ ಹಿಂದೆ ನೋಡಿದೀನಿ," ಎಂದಳು.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. 'ಉಳಿದವರನ್ನು ಬಿಟ್ಟು ನಿಮ್ಮನ್ನೇ ಏಕೆ ಆರಿಸಬೇಕು?' ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಒಂದು ಗೆರೆ ಎಳೆದು ನೋಡಿದೆ, ಕನಿಷ್ಠ ನಲವತ್ತು ಅಕ್ಷರ ಬೇಕೆಂದಿತು. 'ಹದಿನೇಳು ವರ್ಷಗಳಿಂದ ಹಕ್ಕಿಗಳನ್ನು ಬರೆಯುತ್ತಿದ್ದೇನೆ' ಎಂದು ಮತ್ತೆ ಬರೆದರೆ, ಮೇಲೆ ಹೇಳಿದ್ದನ್ನೇ ಹೇಳಬೇಡಿ ಎಂದು ಕೆಂಪಕ್ಷರದಲ್ಲಿ ಬಂತು. ಉತ್ತರ ಪರಿಚಯದ ಪುಟದಲ್ಲೇ ಎಲ್ಲರಿಗೂ ಕಾಣುವಂತೆ ಸೇರುತ್ತದೆ, ಆಯ್ಕೆ ಮುಗಿಯುವ ತನಕ ತಿದ್ದುವಂತಿಲ್ಲ, ಬೇಡವೆನಿಸಿದರೆ ಅರ್ಜಿಯನ್ನೇ ಹಿಂದಕ್ಕೆ ಪಡೆಯಬೇಕು ಎಂದೂ ಸಣ್ಣಕ್ಷರದಲ್ಲಿತ್ತು. ಅದನ್ನು ನಾನು ಓದಿದ್ದೆ.

ಮಧ್ಯಾಹ್ನ ಎರಡು ಗಂಟೆಗೆ ಛತ್ರಿ ತೆಗೆದುಕೊಂಡು ಹೊರಟೆ. ಊರಿನಲ್ಲಿ ಚಿತ್ರ ಬರೆಯುವವರು ವನಮಾಲಳನ್ನು ಬಿಟ್ಟರೆ ಮೂವರು. ಮೂವರ ಮನೆಗೂ ಹೋದೆ. ಇಬ್ಬರು ದೇವರ ಪಟ ಬರೆಯುತ್ತಾರೆ. ಒಬ್ಬರು ಬೋರ್ಡು ಬರೆಯುತ್ತಾರೆ. ಹಕ್ಕಿ ಬರೆಯುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ಬೋರ್ಡಿನವನು ಒಮ್ಮೆ ಕೋಳಿ ಅಂಗಡಿಗೆ ಹುಂಜ ಬರೆದಿದ್ದ. ಅದು ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದ. ಹೋಗಿ ನೋಡಿ ಬಂದೆ. ಕಾಲಿನಲ್ಲಿ ನಾಲ್ಕರ ಬದಲು ಐದು ಬೆರಳಿದ್ದವು. ನಾಲ್ಕು ಗಂಟೆ ಹದಿನೈದು ನಿಮಿಷಕ್ಕೆ ವಾಪಸ್ ಬಂದು ಒಂದು ವಾಕ್ಯ ಬರೆದೆ. 'ನಮ್ಮ ಊರಿನಲ್ಲಿ ಹಕ್ಕಿಗಳನ್ನು ನನ್ನಷ್ಟು ನಿಖರವಾಗಿ ಬರೆಯುವವರು ಇನ್ನೊಬ್ಬರಿಲ್ಲ.'

ವನಮಾಲ ಪರದೆಯ ಹತ್ತಿರ ಬಾಗಿ ಓದಿದಳು. "ನನ್ನಷ್ಟು ಅನ್ನೋದು ಬೇಕಾ ಸಾರ್?"

"ಅದು ಎಣಿಕೆ ಕಣಮ್ಮ, ಹೊಗಳಿಕೆ ಅಲ್ಲ. ನಾಲ್ಕು ಜನ ಇದ್ದೀರಿ. ಹಕ್ಕಿ ಬರೆಯೋದು ನೀನೊಬ್ಬಳು. ಮೂರು ಮನೆ ಹತ್ತಿ ಇಳಿದು ಬಂದಿದೀನಿ."

"ಪರೀಕ್ಷೆ ಮಾಡ್ಬೇಡ್ವಾ?"

"ಪರೀಕ್ಷೆಗೆ ನಾಳೆ ಬೆಳಿಗ್ಗೆ ತನಕ ಕಾಯ್ಬೇಕು. ಇವರು ಐದಕ್ಕೆ ಮುಚ್ತಾರೆ. ಇದು ವರದಿ. ವರದಿಗೆ ಕೈ ಮಲಗಿದ್ದು ನಾನು ಕೇಳಿಲ್ಲ."

ಅವಳು ಇನ್ನೊಮ್ಮೆ ಓದಿದಳು. ತುಟಿ ಅಲ್ಲಾಡುತ್ತಿತ್ತು. ನಾಲ್ಕು ಮೂವತ್ತೈದಕ್ಕೆ ತನ್ನ ಬಲಗೈಯ ತೋರುಬೆರಳಿನಿಂದ ತಾನೇ ಗುಂಡಿ ಒತ್ತಿದಳು.

ಬುಧವಾರ ಏಳೂವರೆಗೆ ನಾನು ಕೋಣೆಯ ಬೀಗ ತೆಗೆಯಲು ಹೋದಾಗ ಶಿವನಂಜ ಮೆಟ್ಟಿಲ ಮೇಲೆ ಕೂತಿದ್ದ. ಅವನು ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಕೆಳಗೆ ಆಟೋದಲ್ಲಿ ವನಮಾಲ ಕೂತಿದ್ದಳು.

"ಬನ್ನಿ ಸಾರ್. ನಿಮ್ಮ ವರದಿಗೆ ಇನ್ನೊಂದು ಸಾಲು ಸಿಕ್ಕಿದೆ. ಕೈ ಮಲಗಿದೆ," ಎಂದ.

"ಯಾರದು?"

"ನಂದಾಗಿದ್ರೆ ನಿಮ್ಮತ್ರ ಯಾಕ್ ಬರ್ತಿದ್ದೆ? ಆಟೋದೋನು ಏನಂತ ಹೊಗಳ್ಕೊತಾನೆ, ರಿವರ್ಸ್ ಚೆನ್ನಾಗಿ ಹಾಕ್ತೀನಿ ಅಂತಲಾ?"

ವನಮಾಲ ಮೇಲೆ ಬಂದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಬೇರೆಯವರ ಮಗುವನ್ನು ಎತ್ತಿಕೊಂಡವರ ಹಾಗೆ. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದೆ. ಬಿಟ್ಟರೆ ಬಿಟ್ಟಲ್ಲೇ ಇರುತ್ತಿದ್ದವು. ಕಂಪ್ಯೂಟರ್ ಹಾಕಿ ಪುಟ ತೆಗೆದೆ. ಪುಟದ ಕೆಳಗೆ, ಅರ್ಜಿ ಹಾಕಿದಾಗಿನಿಂದ ಎಣಿಸುವ 'ನೋಡಿದವರು' ಎಂಬ ಒಂದು ಅಂಕಿ ಇರುತ್ತದೆ. ಇಪ್ಪತ್ತಾರು ಎಂದಿತ್ತು.

"ಇಪ್ಪತ್ತಾರು ದಿನ," ಎಂದ ಶಿವನಂಜ. ಅವನ ದನಿಯ ಬಿಸಿ ಸ್ವಲ್ಪ ಇಳಿಯಿತು. "ಕೆಲಸ ಶುರುವಾಗೋದು ತೊಂಬತ್ತು ದಿನಕ್ಕಲ್ವಾ?"

ನಾನು ಲೆಕ್ಕ ಹಾಕಿದೆ. ಹದಿನೈದು ಗಂಟೆಯಲ್ಲಿ ಇಪ್ಪತ್ತಾರು ಜನ. ಆಯ್ಕೆ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಎಂದು ಪ್ರಕಾಶನದವರು ಬರೆದಿದ್ದರು. ಇದೇ ಗತಿಯಲ್ಲಿ ಹೋದರೆ ಅಷ್ಟು ಹೊತ್ತಿಗೆ ಎಪ್ಪತ್ತೈದರ ಸುಮಾರು. ಆಯ್ಕೆಯಾದ ತಕ್ಷಣ ಆ ವಾಕ್ಯ ತೆಗೆಯಬಹುದು. ಎಪ್ಪತ್ತೈದು ದಿನಕ್ಕೆ ಕೈ ಏಳುತ್ತದೆ, ಇನ್ನೂ ಹದಿನೈದು ದಿನ ಉಳಿಯುತ್ತದೆ. ಅರ್ಜಿ ಇರಲಿ ಎಂದು ಮೂವರೂ ಒಪ್ಪಿದೆವು. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದವನು ನಾನು. ಶಿವನಂಜ ಬಾಡಿಗೆಗೆ ಹೋದ. ವನಮಾಲ ನನ್ನ ಕೋಣೆಯಲ್ಲೇ ಉಳಿದಳು. ಮನೆಯಲ್ಲಿ ಒಂದು ಕೈಯಲ್ಲಿ ಮಾಡುವಂಥ ಕೆಲಸ ಏನೂ ಇಲ್ಲ ಎಂದಳು.

ಹತ್ತು ಐವತ್ತಕ್ಕೆ ಅಂಕಿ ಇನ್ನೂರ ಹನ್ನೆರಡು ಆಗಿತ್ತು.

ಐದು ನಿಮಿಷದ ಮೊದಲು ಒಂದು ಸಂದೇಶ ಬಂದಿತ್ತು. ಬರೆದವರು ಪ್ರಕಾಶನದ ಸಂಪಾದಕಿ ಶಾಂಭವಿ. 'ನಿಮ್ಮ ಉತ್ತರ ಬಹಳ ಹಿಡಿಸಿತು. ಎಲ್ಲರೂ ಪ್ರಪಂಚದಲ್ಲೇ ತಾವೇ ಮೊದಲು ಎಂದು ಬರೆಯುತ್ತಾರೆ. ನೀವು ನಿಮ್ಮ ಊರಿನ ಮಟ್ಟಿಗೆ ಮಾತ್ರ ಹೇಳಿದ್ದೀರಿ. ಈ ವಿನಯವನ್ನು ಎಲ್ಲರೂ ನೋಡಲಿ ಎಂದು ನಿಮ್ಮ ಪುಟವನ್ನು ನಮ್ಮ ಓದುಗರಿಗೆಲ್ಲ ಕಳುಹಿಸಿದ್ದೇನೆ.' ವಿನಯ ಎಂಬ ಪದವನ್ನು ನಾನು ಎರಡು ಸಲ ಓದಿದೆ.

ಕೆಳಗಿನಿಂದ ಹಯಾತ್ ಸಾಬರು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದರು. ಸುದ್ದಿ ಅವರಿಗೆ ಮುಟ್ಟಿತ್ತು. "ಎಷ್ಟಾಯ್ತು?" ಎಂದು ಕೇಳಿದರು.

ಮತ್ತೆ ಪುಟ ತೆಗೆದೆ. "ಇನ್ನೂರ ನಲವತ್ತು."

"ಒಬ್ಬನೇ ಎರಡು ಸಲ ನೋಡಿದ್ರೆ?"

"ಎರಡು ದಿನ. ತಮ್ಮಯ್ಯನ ಅತ್ತೆ ಕಥೆ ಗೊತ್ತಲ್ಲ."

ಹಯಾತ್ ಸಾಬರು ಪರದೆಯ ಕಡೆ ಬೆರಳು ತೋರಿಸಿದರು. "ಪೇಪರ್ ಸಾರ್, ನೀವು ನೋಡಿದ್ದು?"

ನಾನು ಒಂದು ನಿಮಿಷದೊಳಗೆ ಪುಟವನ್ನು ಇನ್ನೊಮ್ಮೆ ತೆಗೆದೆ. ಇನ್ನೂರ ನಲವತ್ತೊಂದು. ಹೆಚ್ಚಾದ ಆ ಒಬ್ಬರು ನಾನೋ, ದೂರದ ನಗರದ ಯಾರೋ ಓದುಗರೋ ತಿಳಿಯಲು ದಾರಿಯಿಲ್ಲ. ಬೆಳಿಗ್ಗೆಯಿಂದ ನಾನು ಆ ಪುಟವನ್ನು ಹನ್ನೊಂದು ಸಲ ತೆಗೆದಿದ್ದೆ. ಹನ್ನೊಂದನೆಯದು ಈ ಸಂದೇಹ ಬಂದ ಮೇಲೆ ತೆಗೆದದ್ದು. ಅದನ್ನು ವನಮಾಲಳಿಗೆ ಹೇಳಿದೆ.

"ಹೋಗ್ಲಿ ಬಿಡಿ ಸಾರ್. ನಾನು ಫೋನಲ್ಲಿ ಆರು ಸಲ ನೋಡಿದೀನಿ," ಎಂದಳು.

ಆಗಲೇ ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕಿತ್ತು. ಇನ್ನೂರ ನಲವತ್ತು ದಿನವೆಂದರೆ ಆ ಪುಸ್ತಕದ ಕೆಲಸ ಹೇಗೂ ಇಲ್ಲ. ನಾನು ಹಾಗೆಂದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ಅವರು ನನ್ನ ಆರಿಸ್ತಾರಾ ಸಾರ್?"

"ಆರಿಸಬಹುದು. ಸಂದೇಶ ನೋಡಿದರೆ ಆರಿಸೋ ಹಾಗೇ ಇದೆ."

"ಅದೊಂದು ಗೊತ್ತಾಗ್ಲಿ."

"ಗೊತ್ತಾಗಿ ಏನಮ್ಮ ಮಾಡ್ತೀಯ? ನಾಳೆ ಮಧ್ಯಾಹ್ನದ ತನಕ ಎಷ್ಟಾಗತ್ತೋ."

"ಎಂಟು ತಿಂಗಳಾಯ್ತು ಸಾರ್, ನನ್ನ ಕೆಲಸದ ಬಗ್ಗೆ ಒಬ್ರಾದ್ರೂ ಬಾಯಿ ತೆರೆದು. ತೋಂಟಪ್ಪನೋರು ಹೋದ್ಮೇಲೆ ಚೆನ್ನಾಗಿದೆ ಅನ್ನೋರೂ ಇಲ್ಲ, ಚೆನ್ನಾಗಿಲ್ಲ ಅನ್ನೋರೂ ಇಲ್ಲ. ಬರೆದು ಗೋಡೆಗೆ ಒರಗಿಸ್ತೀನಿ. ಸಂಜೆ ನಾನೇ ಎತ್ತಿಡ್ತೀನಿ."

ಹಯಾತ್ ಸಾಬರು ಕೆಳಗಿಳಿದರು. ನಾನು ಶಾಂಭವಿಯವರಿಗೆ ಒಂದು ಸಂದೇಶ ಬರೆದೆ. ಆಯ್ಕೆಯನ್ನು ಇವತ್ತೇ ತಿಳಿಸಲು ಸಾಧ್ಯವೇ, ಕಾರಣ ತುರ್ತಾಗಿದೆ, ದಯವಿಟ್ಟು ಪುಟವನ್ನು ಇನ್ನು ಯಾರಿಗೂ ಕಳುಹಿಸಬೇಡಿ ಎಂದು. ಅವರು ಊಟಕ್ಕೆ ಹೋಗಿದ್ದಿರಬೇಕು. ಮಧ್ಯಾಹ್ನ ಎರಡಾದರೂ ಉತ್ತರ ಬರಲಿಲ್ಲ. ನಾವು ಪುಟ ತೆಗೆದು ನೋಡುವುದನ್ನು ನಿಲ್ಲಿಸಿದ್ದೆವು. ಹಾಗಾಗಿ ಹನ್ನೊಂದರಿಂದ ಮುಂದೆ ಅಂಕಿ ಹೇಗೆ ಏರಿತು ಎಂಬ ಬಗ್ಗೆ ನನ್ನಲ್ಲಿ ಮಾಹಿತಿ ಇಲ್ಲ.

ಅವಳ ಗುಪ್ತಪದ ನನ್ನ ಬಳಿ ಇತ್ತು. ಆ ಮೂರು ಗಂಟೆಗಳಲ್ಲಿ ಯಾವ ಕ್ಷಣದಲ್ಲಾದರೂ ನಾನೇ ಅರ್ಜಿಯನ್ನು ಹಿಂದಕ್ಕೆ ಪಡೆಯಬಹುದಿತ್ತು. ಅವಳಿಗೆ ಸಿಟ್ಟು ಬರುತ್ತಿತ್ತು, ಆದರೆ ಹನ್ನೊಂದಕ್ಕೇ ಪಡೆದಿದ್ದರೆ ಕೈ ಒಂದು ವರ್ಷದೊಳಗೆ ಏಳುತ್ತಿತ್ತು. ನಾನು ಪಡೆಯಲಿಲ್ಲ. ಕೆಳಗಿನ ಹೋಟೆಲಿನಿಂದ ಚಿತ್ರಾನ್ನ ತರಿಸಿದೆ. ಅವಳು ಎಡಗೈಯಲ್ಲಿ ಚಮಚ ಹಿಡಿದು ನಾಲ್ಕು ತುತ್ತು ತಿಂದಳು. ಎಡಗೈಯಲ್ಲಿ ಬರೆಯಲು ಬರುತ್ತದೆಯೇ ಎಂದು ನಾನು ಕೇಳಿದೆ. ಕೇಳಬಾರದಿತ್ತು. ಅವಳು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ನಾನು ಬೆಳಿಗ್ಗೆ ಲೆಕ್ಕ ಹಾಕಿದ್ದ ಹಾಳೆಯ ಹಿಂದೆ ಒಂದು ಗೆರೆ ಎಳೆದಳು. ಅದು ಕೊಕ್ಕಿನಂತೆ ಶುರುವಾಗಿ ಎಲ್ಲೋ ಹೋಯಿತು. ಪೆನ್ನನ್ನು ಮುಚ್ಚಳ ಹಾಕಿ ಇಟ್ಟಳು. ಮುಚ್ಚಳ ಹಾಕಲು ಪೆನ್ನನ್ನು ಮೊಣಕಾಲುಗಳ ನಡುವೆ ಹಿಡಿದುಕೊಳ್ಳಬೇಕಾಯಿತು.

"ನೀವು ಬರೆದಾಗ ಅದು ವರದಿನೇ ಆಗಿತ್ತು ಸಾರ್," ಎಂದಳು. "ನಾನು ಓದಿದಾಗ ಖುಷಿಯಾಯ್ತು. ಎರಡನೇ ಸಲ ಓದಿದ್ದು ಅದಕ್ಕೇ. ಆಗ್ಲೇ ನಂಗೆ ಗೊತ್ತಾಗ್ಬೇಕಿತ್ತು."

"ನಂಗೆ ಗೊತ್ತಾಗ್ಬೇಕಿತ್ತು."

"ನಿಮ್ಗೆ ಹೆಂಗೆ ಗೊತ್ತಾಗತ್ತೆ? ನೀವು ಮುಖ ನೋಡಲ್ಲ, ಅಕ್ಷರ ನೋಡ್ತೀರಿ."

ಮೂರು ನಲವತ್ತಕ್ಕೆ ಉತ್ತರ ಬಂತು. ಶಾಂಭವಿ ಬರೆದಿದ್ದರು: 'ತುರ್ತು ಎಂದಿರಿ, ಆದ್ದರಿಂದ ಈಗಲೇ ಹೇಳುತ್ತಿದ್ದೇನೆ. ನೂರ ಹದಿನಾಲ್ಕು ಅರ್ಜಿಗಳಲ್ಲಿ ನಿಮ್ಮದನ್ನು ಆರಿಸಿದ್ದೇವೆ. ನಿಮ್ಮ ಮಡಿವಾಳ ಹಕ್ಕಿಯ ಚಿತ್ರದಲ್ಲಿ ಬಾಲ ಎತ್ತಿದ ರೀತಿ ನೋಡಿಯೇ ತೀರ್ಮಾನವಾಗಿತ್ತು. ಪ್ರಶ್ನೆಗೆ ಉತ್ತರ ನೋಡಿದ್ದು ಆಮೇಲೆ.'

ವನಮಾಲ ಅದನ್ನು ನಿಂತುಕೊಂಡೇ ಓದಿದಳು. ಮೊದಲ ಸಲ ಓದುವಾಗ ಮುಖ ಬಿಚ್ಚಿತು. ಕೊನೆಯ ಸಾಲಿಗೆ ಬಂದಾಗ ನನ್ನ ಕಡೆ ತಿರುಗಿದಳು. ಆ ಉತ್ತರವೇ ಬೇಕಿರಲಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ನಲವತ್ತು ಅಕ್ಷರ ತುಂಬಿಸಲು ಆ ಜಾಗದಲ್ಲಿ ನಾನು ಊರಿನ ಹವಾಮಾನ ಬರೆದಿದ್ದರೂ ಸಾಕಿತ್ತು.

"ತೆಗೀರಿ ಸಾರ್," ಎಂದಳು.

ಮೂರು ನಲವತ್ನಾಲ್ಕಕ್ಕೆ ಅರ್ಜಿಯನ್ನು ಹಿಂದಕ್ಕೆ ಪಡೆದೆವು. ಗುಂಡಿಯನ್ನು ಈ ಸಲ ನಾನು ಒತ್ತಿದೆ. ಕಾರಣ ಕೇಳಿತು. 'ಕೈ ಮಲಗಿದೆ' ಎಂದು ಬರೆದೆ. ವಾಕ್ಯ ಹೋಯಿತು, ಪುಟ ಮುಚ್ಚಿತು. ಸೈಟಿನಿಂದ ಬಂದ ರಸೀದಿಯಂಥ ಪತ್ರದಲ್ಲಿ ಕೊನೆಯ ಅಂಕಿ ಇತ್ತು. ನೋಡಿದವರು ಸಾವಿರದ ಒಂಬೈನೂರ ನಾಲ್ಕು.

ನಾಲ್ಕೂವರೆಗೆ ಶಿವನಂಜ ಬಂದ. ಅಂಕಿ ಕೇಳಿ ಬಾಗಿಲಲ್ಲೇ ನಿಂತ. ಬೆರಳು ಮಡಿಸಿ ಎಣಿಸಲು ಹೋಗಿ ಬಿಟ್ಟ.

"ಎಷ್ಟು ವರ್ಷ?" ಎಂದ.

"ಐದು ವರ್ಷ, ಎರಡು ತಿಂಗಳು, ಹದಿನೇಳು ದಿನ. ನಡುವೆ ಒಂದು ಅಧಿಕ ದಿನ ಬರತ್ತೆ, ಅದನ್ನು ಸೇರಿಸಿದೀನಿ."

"ಸೇರಿಸಿದೀರಾ," ಎಂದ. "ನಿಮ್ಮ ಪೇಪರ್ ಯಾಕೆ ಮುಚ್ತು ಅಂತ ಇವತ್ತು ತಿಳೀತು ಸಾರ್. ಒಂದು ತಪ್ಪೂ ಇರ್ತಿರಲಿಲ್ಲ ಅದರಲ್ಲಿ."

"ಏ, ಸುಮ್ನಿರಿ," ಎಂದಳು ವನಮಾಲ. "ಗುಂಡಿ ಒತ್ತಿದೋಳು ನಾನು. ನಡೀರಿ, ಕಾಲಿಗೆ ಮುಲಾಮು ತಗೋಬೇಕು."

ಅವನು ಅವಳ ಚೀಲ ಎತ್ತಿಕೊಂಡ. ಇಳಿಯುವಾಗ ಅವಳ ಬಲಗೈ ಕಂಬಿಗೆ ತಾಗುತ್ತಿತ್ತು. ಅವನು ಒಂದು ಮೆಟ್ಟಿಲು ಕೆಳಗೆ ನಿಂತು ಅದನ್ನು ಎತ್ತಿ ಅವಳ ಸೆರಗಿನೊಳಗೆ ಸೇರಿಸಿ ಗಂಟು ಹಾಕಿದ. ಆ ಕೆಲಸವನ್ನು ಅವನು ಮೆಲ್ಲಗೆ, ಸರಿಯಾಗಿ ಮಾಡಿದ. ಯಾರೂ ಏನೂ ಹೇಳಲಿಲ್ಲ.

ಸಂಜೆ ಶಾಂಭವಿಯವರಿಂದ ಇನ್ನೊಂದು ಸಂದೇಶ ಬಂತು. 'ಕೈಗೆ ಪೆಟ್ಟಾಗಿದೆಯೇ? ಬೇಗ ಗುಣವಾಗಲಿ. ಎಷ್ಟು ದಿನ ಬೇಕಾಗಬಹುದು? ಒಂದೆರಡು ವಾರವಾದರೆ ನಾವು ಕಾಯುತ್ತೇವೆ.' ನಾನು 'ಸಾವಿರದ ಒಂಬೈನೂರ ನಾಲ್ಕು ದಿನ' ಎಂದು ಉತ್ತರಿಸಿದೆ. ಅವರು ನಗುವ ಮುಖವೊಂದನ್ನು ಕಳುಹಿಸಿದರು. ಅರ್ಧ ಗಂಟೆಯ ನಂತರ ಅದನ್ನು ಅಳಿಸಿದರು.

ಅಂದಿನಿಂದ ನಾನು ಯಾರಿಗೂ ಪರಿಚಯ ಬರೆದುಕೊಟ್ಟಿಲ್ಲ. ಉಳಿದ ಮೂವತ್ತೇಳು ಜನರಲ್ಲಿ ಇಪ್ಪತ್ತೊಂಬತ್ತು ಮಂದಿ ತಮ್ಮ ಪುಟ ಮುಚ್ಚಿಸಿದರು. ಕರಿಬಸಪ್ಪನದು ಇನ್ನೂ ಇದೆ. 'ನಾನು ಪದ್ಯ ಬರೆಯುತ್ತೇನೆ. ಕೆಲವರು ಓದಿದ್ದಾರೆ.' ಅವನಿಗೆ ಈವರೆಗೆ ಒಂದೂ ಕೆಲಸ ಬಂದಿಲ್ಲ. ಅವನ ಕೈ ಚೆನ್ನಾಗಿದೆ. ಹಯಾತ್ ಸಾಬರು ಈಗಲೂ ನನ್ನ ಬಗ್ಗೆ ಮೊದಲಿನಂತೆಯೇ ಹೇಳುತ್ತಾರೆ. ಆದರೆ ಹೇಳುವ ಮೊದಲು ಒಂದು ಕ್ಷಣ ನಿಲ್ಲುತ್ತಾರೆ. ಬಂದವರು ಆ ಕ್ಷಣವನ್ನು ಗಮನಿಸುತ್ತಾರೆ.

ಒಂದು ತಿಂಗಳ ನಂತರ, ಸೋಮವಾರ, ಪ್ರಕಾಶನದವರಿಂದ ವನಮಾಲಳ ಹೆಸರಿಗೆ ಒಂದು ಪತ್ರ ಬಂತು. ಹಕ್ಕಿಗಳ ಪುಸ್ತಕವನ್ನು ಬೇರೊಬ್ಬ ಚಿತ್ರಕಾರರಿಗೆ ಕೊಟ್ಟಿದ್ದೇವೆ. ಅವರ ಗೆರೆ ಚೆಂದ, ಆದರೆ ಅವರು ನಗರದವರು, ಹಕ್ಕಿಗಳನ್ನು ಫೋಟೊದಲ್ಲಿ ನೋಡಿದ್ದೇ ಹೆಚ್ಚು. ನೀವು ಚಿತ್ರಗಳಲ್ಲಿರುವ ತಪ್ಪುಗಳನ್ನು ಗುರುತಿಸಿಕೊಡುತ್ತೀರಾ ಎಂದು ಕೇಳಿದ್ದರು. ಜೊತೆಗೆ ಮಾದರಿಗೆಂದು ಮೊದಲೇ ಬರೆಸಿದ್ದ ಐದು ಚಿತ್ರಗಳಿದ್ದವು.

ವನಮಾಲ ಮಂಗಳವಾರ ಹನ್ನೊಂದು ಗಂಟೆಗೆ ನನ್ನ ಕೋಣೆಗೆ ಬಂದಳು. ಮೊದಲನೆಯದು ಮಡಿವಾಳ ಹಕ್ಕಿ. ಅವಳು ಪರದೆಯ ಮುಂದೆ ಹತ್ತು ನಿಮಿಷ ಕೂತಳು. ಆಮೇಲೆ ಹೇಳತೊಡಗಿದಳು. ಕೊಕ್ಕು ಒಂದು ಕಾಳಿನಷ್ಟು ಉದ್ದವಾಗಿದೆ. ರೆಕ್ಕೆಯ ಬಿಳಿ ಪಟ್ಟೆ ಭುಜದ ತನಕ ಹೋಗಬೇಕು, ಇಲ್ಲಿ ಅರ್ಧಕ್ಕೆ ನಿಂತಿದೆ. ಕೊಂಬೆಯ ಮೇಲೆ ಹೀಗೆ ಕೂತ ಹಕ್ಕಿ ಮುಂದಕ್ಕೆ ಬೀಳುತ್ತದೆ. ಒಟ್ಟು ಹದಿನಾಲ್ಕು ತಪ್ಪು ಹೇಳಿದಳು. ಬಾಲದ ವಿಷಯ ಬಂದಾಗ, ಎಷ್ಟು ಎತ್ತಿರಬೇಕು ಎಂಬುದನ್ನು ಮಾತಿನಲ್ಲಿ ಹೇಳಲು ಮೂರು ಸಲ ಪ್ರಯತ್ನಿಸಿ, "ಸ್ವಲ್ಪ ಇನ್ನೂ ಮೇಲೆ ಅಂತ ಬರ್ಕೊಳ್ಳಿ ಸಾರ್," ಎಂದಳು. ನಾನು ಹಾಗೆಯೇ ಬರೆದುಕೊಂಡೆ. ಐದು ಚಿತ್ರ ಮುಗಿಯುವ ಹೊತ್ತಿಗೆ ನಾಲ್ಕೂ ಕಾಲಾಗಿತ್ತು.

ಉತ್ತರದ ಕೆಳಗೆ ತಿದ್ದುಪಡಿ ಸೂಚಿಸಿದವರ ಹೆಸರು ಬರೆಯಲು ಜಾಗವಿತ್ತು. ಪುಸ್ತಕದಲ್ಲಿ ಅಚ್ಚಾಗುತ್ತದೆ ಎಂದಿತ್ತು. ಏನು ಬರೆಯಲಿ ಎಂದು ಕೇಳಿದೆ.

"ಖಾಲಿ ಬಿಡಿ," ಎಂದಳು.

ಖಾಲಿ ಬಿಟ್ಟು ನಾಲ್ಕು ಇಪ್ಪತ್ತಕ್ಕೆ ಕಳುಹಿಸಿದೆ.